ಶಿಕ್ಷಕರ ಮನಸ್ಸೂ ಉಳಿಯಬೇಕು, ಮಕ್ಕಳ ಕಲಿಕೆಯೂ ಏರಬೇಕು: ಮುಖ್ಯೋಪಾಧ್ಯಾಯರು ಏನು ಮಾಡಬೇಕು?

ಚರ್ಚೆ ಆರಂಭಿಸಿದವರು: ಮುಖ್ಯೋಪಾಧ್ಯಾಯಿನಿ, ಎರಡನೇ ವರ್ಷ

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿ ನನಗಿದು ಎರಡನೇ ವರ್ಷ. ನನಗಿಂತ ಮೊದಲು ಈ ಹುದ್ದೆಯಲ್ಲಿದ್ದವರು ಬಹಳ ಕಟ್ಟುನಿಟ್ಟಿನವರು. ಅವರ ಕಾಲದಲ್ಲಿ ಫಲಿತಾಂಶ ಚೆನ್ನಾಗಿತ್ತು ಎಂಬುದನ್ನು ಒಪ್ಪಲೇಬೇಕು; ಆದರೆ ಅವರು ಬಾಗಿಲ ಬಳಿ ಕಾಣಿಸಿಕೊಂಡರೆ ಸ್ಟಾಫ್ ರೂಮಿನ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು, ಐದು ನಿಮಿಷ ತಡವಾದವರಿಗೂ ಮೆಮೊ ತಪ್ಪುತ್ತಿರಲಿಲ್ಲ. ಆಗ ಅಲ್ಲಿಯೇ ಸಹಶಿಕ್ಷಕಿಯಾಗಿದ್ದ ನಾನು, ಎಂದಾದರೂ ಆ ಕುರ್ಚಿ ನನಗೆ ಬಂದರೆ ಹೀಗೆ ಮಾತ್ರ ನಡೆದುಕೊಳ್ಳಬಾರದು ಎಂದು ನಿಶ್ಚಯಿಸಿದ್ದೆ.

ಮೊದಲ ವರ್ಷ ಅದರಂತೆಯೇ ನಡೆದೆ. ರಜೆ ಕೇಳಿದವರಿಗೆ ಕಾರಣ ಕೆದಕದೆ ರಜೆ ಕೊಟ್ಟೆ, ಪಾಠಯೋಜನೆ ತಡವಾಗಿ ಬಂದರೂ ಸಹಿ ಹಾಕಿದೆ, ಯಾರ ಮನಸ್ಸೂ ನೋಯದಂತೆ ಎಚ್ಚರ ವಹಿಸಿದೆ. ವರ್ಷದ ಕೊನೆಗೆ ಎಲ್ಲರೂ ನನ್ನ ಬಗ್ಗೆ ಒಳ್ಳೆಯ ಮಾತನಾಡಿದರು. ಫಲಿತಾಂಶ ಮಾತ್ರ ಇಳಿದಿತ್ತು. ಆಡಳಿತ ಮಂಡಳಿಯ ಸಭೆಯಲ್ಲಿ ಕಾರಣ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ವಿಷಯವನ್ನು ಬಿಡಿಸಿಯೇ ಹೇಳುತ್ತೇನೆ. ನಮ್ಮಲ್ಲಿ ಗಣಿತ ಕಲಿಸುವ ಹಿರಿಯ ಶಿಕ್ಷಕರೊಬ್ಬರಿದ್ದಾರೆ. ಇಪ್ಪತ್ತು ವರ್ಷಗಳಿಗೂ ಮೀರಿದ ಸೇವೆ, ಮಕ್ಕಳೆಂದರೆ ಅಕ್ಕರೆ, ಯಾರ ಕಷ್ಟಕ್ಕಾದರೂ ಮೊದಲು ನಿಲ್ಲುವ ಸ್ವಭಾವ. ನಾನು ಹೊಸಬಳಾಗಿ ಸೇರಿದಾಗ ತರಗತಿ ನಿಭಾಯಿಸುವುದನ್ನು ಹೇಳಿಕೊಟ್ಟವರೂ ಅವರೇ. ಆದರೆ ಎರಡು ಮೂರು ವರ್ಷಗಳಿಂದ ಅವರ ತರಗತಿಯ ಮಕ್ಕಳು ಬುನಾದಿ ಇಲ್ಲದೆಯೇ ಮುಂದಿನ ತರಗತಿಗೆ ಹೋಗುತ್ತಿದ್ದಾರೆ. ಇದನ್ನು ಅವರ ಮುಂದೆ ಎತ್ತಲು ಒಂದು ವರ್ಷ ಪೂರ್ತಿ ನನಗೆ ಬಾಯಿ ಬರಲಿಲ್ಲ. ಜನರನ್ನು ಉಳಿಸಿಕೊಂಡು ಫಲಿತಾಂಶವನ್ನೂ ಪಡೆಯುವ ದಾರಿ ನಿಜಕ್ಕೂ ಇದೆಯೇ, ಅಥವಾ ಮುಖ್ಯಸ್ಥರಾದವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕೇ? ಅನುಭವವಿದ್ದವರು ತಿಳಿಸಬೇಕೆಂದು ಕೋರುತ್ತೇನೆ.

ನಿವೃತ್ತ ಮುಖ್ಯೋಪಾಧ್ಯಾಯರು

ಮೇಡಂ, ನಿಮ್ಮ ಪ್ರಶ್ನೆಯೊಳಗೆ ಒಂದು ತಕ್ಕಡಿ ಅಡಗಿದೆ. ಒಂದು ತಟ್ಟೆ ಏರಿದರೆ ಇನ್ನೊಂದು ಇಳಿಯಲೇಬೇಕು ಎಂದು ಮೊದಲೇ ಒಪ್ಪಿಕೊಂಡು ನೀವು ಮಾತನಾಡುತ್ತಿದ್ದೀರಿ. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆ. ರಾಬರ್ಟ್ ಬ್ಲೇಕ್ ಮತ್ತು ಜೇನ್ ಮೌಟನ್ ಎಂಬ ಇಬ್ಬರು 1964ರಲ್ಲಿ ಮುಂದಿಟ್ಟ ಚೌಕವೊಂದನ್ನು ತರಬೇತಿಯಲ್ಲಿ ನೋಡಿದ ಮೇಲೆ ಆ ಎಣಿಕೆ ಸಡಿಲವಾಯಿತು. ಅಡ್ಡಗೆರೆಯ ಮೇಲೆ ಕೆಲಸದ ಕಾಳಜಿ, ನಿಲುಗೆರೆಯ ಮೇಲೆ ಜನರ ಕಾಳಜಿ, ಎರಡಕ್ಕೂ 1ರಿಂದ 9ರವರೆಗೆ ಅಂಕ. ಎರಡು ಗೆರೆಗಳನ್ನು ಬೇರೆಬೇರೆಯಾಗಿ ಎಳೆದದ್ದರಲ್ಲಿಯೇ ಅವರ ಮುಖ್ಯ ಮಾತಿದೆ: ಒಂದರಲ್ಲಿ ಹೆಚ್ಚು ಅಂಕ ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕಾಗಿಲ್ಲ. ನಿಮ್ಮ ಹಿಂದಿನವರು ಕೆಲಸಕ್ಕೆ 9, ಜನರಿಗೆ 1 ಎಂಬ ಮೂಲೆಯಲ್ಲಿದ್ದರು. ನೀವು ಅವರ ಮೇಲಿನ ಸಿಟ್ಟಿಗೆ ಅದರ ಎದುರು ಮೂಲೆಗೆ ಹೋಗಿ ಕುಳಿತಿರಿ. ಆ ಮೂಲೆಗೆ ಬ್ಲೇಕ್ ಮತ್ತು ಮೌಟನ್ ‘ಕಂಟ್ರಿ ಕ್ಲಬ್’, ಅಂದರೆ ಹಾಯಾಗಿ ಕಾಲ ಕಳೆಯುವ ವಿಹಾರ ಕೂಟ, ಎಂದು ಹೆಸರಿಟ್ಟಿದ್ದಾರೆ, ಅದು ಹೊಗಳಿಕೆಯಲ್ಲ.

ಈಗ ನಿಮಗೆ ಬರುವ ಸಲಹೆಗಳಲ್ಲಿ ಹೆಚ್ಚಿನವು ‘ಸ್ವಲ್ಪ ಬಿಗಿ ಮಾಡಿ, ಸ್ವಲ್ಪ ಸಡಿಲ ಬಿಡಿ’ ಎಂಬಂಥವು ಆಗಿರುತ್ತವೆ. ಚೌಕದಲ್ಲಿ ಅದು 5 ಮತ್ತು 5 ಸೇರುವ ನಡುಮನೆ. ನಾನು ಹತ್ತು ವರ್ಷ ಅಲ್ಲಿ ವಾಸವಾಗಿದ್ದವನು. ಒಂದು ವಾರ ಸುತ್ತೋಲೆ ಹೊರಡಿಸಿ ಬಿಗಿ ಮಾಡುತ್ತಿದ್ದೆ, ಮುಂದಿನ ವಾರ ಯಾರಾದರೂ ಮುಖ ಸಣ್ಣದು ಮಾಡಿಕೊಂಡರೆ ಸುತ್ತೋಲೆಯನ್ನು ಮರೆಯುತ್ತಿದ್ದೆ. ಶಿಕ್ಷಕರು ನನ್ನ ಮಾತನ್ನು ಕೇಳುವ ಮುನ್ನ ಇದು ಯಾವ ವಾರ ಎಂದು ನೋಡಿಕೊಳ್ಳುತ್ತಿದ್ದರು. ಆ ನಡುಮನೆಗಿಂತ ನಿಮ್ಮ ಹಿಂದಿನವರ ಮೂಲೆಯೇ ವಾಸಿ. ಅಲ್ಲಿ ಏನು ನಿರೀಕ್ಷಿಸಬೇಕೆಂಬುದಾದರೂ ಗೊತ್ತಿರುತ್ತದೆ.

ಸಹಶಿಕ್ಷಕಿ, ಹದಿನೆಂಟು ವರ್ಷಗಳ ಸೇವೆ

ಕುರ್ಚಿಯ ಈಚೆ ಬದಿಯಿಂದ ಒಂದೆರಡು ಮಾತು ಹೇಳಬಯಸುತ್ತೇನೆ. ನಾನು ಆರು ಮಂದಿ ಮುಖ್ಯಸ್ಥರ ಕೈಕೆಳಗೆ ಕೆಲಸ ಮಾಡಿದ್ದೇನೆ. ‘ಜನರ ಕಾಳಜಿ’ ಎಂದಾಗ ಮುಖ್ಯಸ್ಥರಿಗೆ ನೆನಪಾಗುವುದು ಹುಟ್ಟುಹಬ್ಬದ ಶುಭಾಶಯ, ನಗುಮುಖ, ಕೇಳಿದ ರಜೆ. ನಮಗೆ ನೆನಪಾಗುವುದು ವೇಳಾಪಟ್ಟಿ. ಕೊನೆಯ ಅವಧಿಗಳೆಲ್ಲ ಯಾರ ಪಾಲಿಗೆ ಬಂದಿವೆ, ಬದಲಿ ತರಗತಿಗಳು ಯಾರ ತಲೆಗೆ ಹೆಚ್ಚು ಕಟ್ಟಲ್ಪಟ್ಟಿವೆ, ಇಲ್ಲವೆನ್ನಲು ಬಾರದವರಿಗೇ ಎಲ್ಲ ಸಮಿತಿಗಳ ಹೊಣೆ ಏಕೆ ಹೋಗುತ್ತದೆ ಎಂಬ ಲೆಕ್ಕವನ್ನು ಸ್ಟಾಫ್ ರೂಮ್ ಬಾಯಿಪಾಠವಾಗಿ ಇಟ್ಟುಕೊಂಡಿರುತ್ತದೆ.

ಮೇಡಂ, ನೀವು ಕಾರಣ ಕೇಳದೆ ಕೊಟ್ಟ ಪ್ರತಿಯೊಂದು ರಜೆಯ ಭಾರವನ್ನು ಬೇರೊಬ್ಬ ಶಿಕ್ಷಕರು ತಮ್ಮ ಬಿಡುವಿನ ಅವಧಿಯಲ್ಲಿ ಹೊತ್ತಿದ್ದಾರೆ. ರಜೆ ಪಡೆದವರು ನಿಮ್ಮನ್ನು ಹೊಗಳಿದರು, ಹೊತ್ತವರು ಸುಮ್ಮನಿದ್ದರು. ಆ ಮೌನವನ್ನೂ ನೀವು ಮೆಚ್ಚುಗೆಯ ಲೆಕ್ಕಕ್ಕೆ ಸೇರಿಸಿಕೊಂಡಿರಬಹುದು ಎಂದು ನನ್ನ ಅನುಮಾನ. ಹಾಗಾಗಿ ಮೊದಲ ವರ್ಷ ನೀವು ಜನರನ್ನು ನೋಡಿಕೊಂಡಿರಿ, ಫಲಿತಾಂಶವನ್ನು ಬಿಟ್ಟಿರಿ ಎಂಬುದನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ನೀವು ಕೆಲವು ಜನರನ್ನು ಮಾತ್ರ ನೋಡಿಕೊಂಡಿರಿ. ಕಟುವಾಗಿ ಕೇಳಿಸಿದರೆ ಕ್ಷಮಿಸಬೇಕು.

ಶಿಕ್ಷಕರ ತರಬೇತಿಯಲ್ಲಿ ಕೆಲಸ ಮಾಡುವವರು

ಸಹಶಿಕ್ಷಕಿಯವರ ಮಾತಿಗೆ ಹಳೆಯ ಅಧ್ಯಯನವೊಂದರ ಆಧಾರವೂ ಇದೆ. ಆಂಡ್ರ್ಯೂ ಹಾಲ್ಪಿನ್ ಮತ್ತು ಡಾನ್ ಕ್ರಾಫ್ಟ್ ಎಂಬ ಅಮೆರಿಕದ ಸಂಶೋಧಕರು 71 ಪ್ರಾಥಮಿಕ ಶಾಲೆಗಳನ್ನು ಪರಿಶೀಲಿಸಿ, ಶಾಲೆಯೊಳಗಿನ ವಾತಾವರಣವನ್ನು ಆರು ಬಗೆಗಳಾಗಿ ವಿಂಗಡಿಸಿದರು. 1963ರ ಹೊತ್ತಿಗೆ ಅದು ಪ್ರಕಟವಾಯಿತು. ‘ನಿಯಂತ್ರಿತ’ ಶಾಲೆಯಲ್ಲಿ ಕೆಲಸ ನಡೆಯುತ್ತದೆ, ಸ್ನೇಹವಿಲ್ಲ. ‘ಪರಿಚಿತ’ ಎಂದು ಕರೆದ ಬಗೆಯಲ್ಲಿ ಎಲ್ಲರೂ ಬಹಳ ಸ್ನೇಹದಿಂದಿರುತ್ತಾರೆ, ಆದರೆ ಕೆಲಸದ ದಿಕ್ಕನ್ನು ಯಾರೂ ಹಿಡಿದಿರುವುದಿಲ್ಲ. ಮೇಡಂ ಅವರ ಶಾಲೆ ಮೊದಲನೆಯದರಿಂದ ಎರಡನೆಯದಕ್ಕೆ ಒಂದೇ ವರ್ಷದಲ್ಲಿ ದಾಟಿದೆ.

ನನಗೆ ಹೆಚ್ಚು ಮುಖ್ಯವೆನಿಸುವುದು ಅವರು ‘ಮುಕ್ತ’ ಎಂದು ಕರೆದ ಶಾಲೆಗಳ ಚಿತ್ರ. ಅಲ್ಲಿನ ಮುಖ್ಯಸ್ಥರು ಶಿಕ್ಷಕರ ಬೆನ್ನ ಹಿಂದೆ ನಿಂತು ಮೇಲ್ವಿಚಾರಣೆ ಮಾಡುವುದು ಕಡಿಮೆ. ತಾವೇ ಮುಂದೆ ಬಿದ್ದು ಕೆಲಸ ಮಾಡಿ ಶಾಲೆಯನ್ನು ನಡೆಸುವುದು ಹೆಚ್ಚು. ಮೇಲ್ನೋಟಕ್ಕೆ ಎರಡೂ ‘ಕೆಲಸದ ಕಾಳಜಿ’ಯೇ ಆದರೂ ಅಧ್ಯಯನ ಅವನ್ನು ಬೇರೆಬೇರೆಯಾಗಿ ಅಳೆಯಿತು. ಇನ್ನೊಂದು ಅಳತೆಯೂ ಅದರಲ್ಲಿತ್ತು: ದಾಖಲೆ, ಸಮಿತಿ, ವರದಿಗಳಿಂದ ತಮ್ಮ ನಿಜವಾದ ಕೆಲಸಕ್ಕೆ ಎಷ್ಟು ಅಡ್ಡಿಯಾಗುತ್ತಿದೆ ಎಂದು ಶಿಕ್ಷಕರಿಗೆ ಅನ್ನಿಸುತ್ತದೆ ಎಂಬುದು. ಮುಕ್ತ ಶಾಲೆಗಳಲ್ಲಿ ಆ ಅಡ್ಡಿ ಕಡಿಮೆಯಿತ್ತು. ಶಿಕ್ಷಕರ ಮೇಜಿನಿಂದ ಬೇಡದ ಒಂದು ರಿಜಿಸ್ಟರನ್ನು ತೆಗೆದುಹಾಕುವುದು ಜನರ ಕಾಳಜಿಯೋ ಕೆಲಸದ ಕಾಳಜಿಯೋ ಹೇಳಿ ನೋಡೋಣ.

ಆಡಳಿತ ಮಂಡಳಿಯ ಸದಸ್ಯರೊಬ್ಬರು

ಚರ್ಚೆ ಚೆನ್ನಾಗಿದೆ, ಆದರೆ ಇದುವರೆಗೆ ಇದು ದೊಡ್ಡವರ ಮನಸ್ಸಿನ ಸುತ್ತಲೇ ಸುತ್ತುತ್ತಿದೆ. ಫಲಿತಾಂಶ ಎಂಬ ಪದವನ್ನು ಬಳಸಿದ ಕೂಡಲೇ ಅದು ಅಂಕಿಗಳ ಹಸಿವು, ಮಂಡಳಿಯ ಒತ್ತಡ ಎಂಬ ಅರ್ಥ ಬಂದುಬಿಡುತ್ತದೆ. ಗಣಿತದ ಬುನಾದಿಯಿಲ್ಲದೆ ಮುಂದಿನ ತರಗತಿಗೆ ಹೋದ ಮಗು ಅಂಕಿಯಲ್ಲ. ಆ ಮಗುವೂ ‘ಜನ’ರಲ್ಲಿ ಸೇರುತ್ತದೆ. ಶಿಕ್ಷಕರ ಮನಸ್ಸು ನೋಯಬಾರದೆಂದು ಮುಖ್ಯೋಪಾಧ್ಯಾಯಿನಿಯವರು ಒಂದು ವರ್ಷ ಸುಮ್ಮನಿದ್ದರು. ಆ ದಾಕ್ಷಿಣ್ಯದ ಸಾಲವನ್ನು ತೀರಿಸಿದವರು ಮಕ್ಕಳು, ಅವರನ್ನು ಯಾರೂ ಕೇಳಿರಲಿಲ್ಲ.

ನನ್ನ ಅಭಿಪ್ರಾಯ ನೇರವಾಗಿದೆ. ಗುರಿ ನಿಗದಿಪಡಿಸಿ, ತಿಂಗಳಿಗೊಮ್ಮೆ ಘಟಕ ಪರೀಕ್ಷೆಯ ಅಂಕಗಳನ್ನು ಶಿಕ್ಷಕರವಾರು ಸಭೆಯಲ್ಲಿ ಮುಂದಿಡಿ, ಹಿಂದುಳಿದವರಿಂದ ವಿವರಣೆ ಕೇಳಿ. ಯಾವ ಸಂಸ್ಥೆಯಾದರೂ ನಡೆಯುವುದು ಹೀಗೆಯೇ. ಒಳ್ಳೆಯ ಶಿಕ್ಷಕರು ಇದಕ್ಕೆ ಹೆದರುವುದಿಲ್ಲ.

ನಿವೃತ್ತ ಮುಖ್ಯೋಪಾಧ್ಯಾಯರು

ಸದಸ್ಯರ ಮೊದಲ ಪ್ಯಾರಾಗೆ ನನ್ನ ಪೂರ್ಣ ಸಮ್ಮತಿಯಿದೆ, ಎರಡನೆಯದಕ್ಕೆ ಅಷ್ಟೇ ಪೂರ್ಣವಾದ ವಿರೋಧವಿದೆ.

ಅಂಕಗಳನ್ನು ಸಭೆಯಲ್ಲಿ ಮುಂದಿಟ್ಟು ವಿವರಣೆ ಕೇಳುವ ಪದ್ಧತಿ ಕೊನೆಗೆ ಎಲ್ಲಿ ಮುಟ್ಟಬಲ್ಲದು ಎಂಬುದಕ್ಕೆ ಅಮೆರಿಕದ ಅಟ್ಲಾಂಟಾ ನಗರದ ಶಾಲೆಗಳ ಪ್ರಕರಣ ದಾಖಲಾಗಿದೆ. ಅಲ್ಲಿ ಪ್ರತಿ ಶಾಲೆಗೂ ಗುರಿ ನಿಗದಿಯಾಗಿತ್ತು, ಗುರಿ ಮುಟ್ಟದ ಮುಖ್ಯಸ್ಥರ ಹುದ್ದೆಗೇ ಅಪಾಯವಿತ್ತು. ಅಂಕಗಳು ಏರಿದವು, ಪ್ರಶಂಸೆಯೂ ಬಂತು. 2011ರಲ್ಲಿ ಹೊರಬಂದ ತನಿಖಾ ವರದಿ 44 ಶಾಲೆಗಳಲ್ಲಿ ಅಕ್ರಮ ನಡೆದಿದೆಯೆಂದೂ, 178 ಮಂದಿ ಶಿಕ್ಷಕರು ಮತ್ತು ಮುಖ್ಯಸ್ಥರು ಅದರಲ್ಲಿ ಭಾಗಿಗಳೆಂದೂ ಹೇಳಿತು. ಮಕ್ಕಳು ತಪ್ಪಾಗಿ ಗುರುತಿಸಿದ ಉತ್ತರಗಳನ್ನು ದೊಡ್ಡವರೇ ಅಳಿಸಿ ತಿದ್ದಿದ್ದರು. 2015ರಲ್ಲಿ ನ್ಯಾಯಾಲಯ 11 ಮಂದಿಯನ್ನು ಅಪರಾಧಿಗಳೆಂದು ತೀರ್ಮಾನಿಸಿತು. ಆ 178 ಮಂದಿಯೂ ಹುಟ್ಟಾ ಮೋಸಗಾರರಾಗಿದ್ದರು ಎಂದು ನಂಬುವುದು ನನಗೆ ಕಷ್ಟ. ಕೆಟ್ಟ ಸುದ್ದಿಯನ್ನು ಹೇಳಲು ಜಾಗವೇ ಇಲ್ಲದ ಕಡೆ ಒಳ್ಳೆಯ ಸುದ್ದಿಯನ್ನು ತಯಾರಿಸುವವರು ಹುಟ್ಟಿಕೊಳ್ಳುತ್ತಾರೆ. ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲಿಯೇ ಇದನ್ನು ಒಂದು ನಿಯಮದಂತೆ ಹೇಳಿದ್ದರು: ಯಾವುದಾದರೂ ಅಳತೆಯನ್ನು ಆಧರಿಸಿ ದೊಡ್ಡ ನಿರ್ಧಾರಗಳನ್ನು ಕೈಗೊಳ್ಳುತ್ತ ಹೋದಷ್ಟೂ ಆ ಅಳತೆಯೇ ಕೆಡುತ್ತದೆ, ಅದು ಅಳೆಯಬೇಕಾಗಿದ್ದ ಕೆಲಸವನ್ನೂ ಕೆಡಿಸುತ್ತದೆ.

ಸದಸ್ಯರು ಸೂಚಿಸಿದ ಸಭೆಗಳನ್ನು ನಾನೂ ನಡೆಸಿದ್ದೇನೆ. ಮೂರನೆಯ ತಿಂಗಳಿಗೆ ಘಟಕ ಪರೀಕ್ಷೆಯ ಪ್ರಶ್ನೆಗಳು ಸುಲಭವಾಗಿದ್ದವು. ಅಂಕಗಳು ಏರಿದ್ದನ್ನು ಕಂಡು ನಾನು ಎಲ್ಲರನ್ನೂ ಅಭಿನಂದಿಸಿದೆ. ಆ ದಿನವನ್ನು ನೆನೆದರೆ ಇಂದಿಗೂ ಮುಜುಗರವಾಗುತ್ತದೆ.

ಆಡಳಿತ ಮಂಡಳಿಯ ಸದಸ್ಯರೊಬ್ಬರು

ಸರ್, ಪ್ರಶ್ನೆಪತ್ರಿಕೆ ಸುಲಭವಾದ ಬಗ್ಗೆ ನೀವು ಬರೆದದ್ದನ್ನು ಓದಿ ನಮ್ಮ ಶಾಲೆಯ ಹಳೆಯ ಪತ್ರಿಕೆಗಳನ್ನು ತೆಗೆಸಿ ನೋಡಬೇಕೆನಿಸಿದೆ. ಆದರೂ ಅಳೆಯುವುದನ್ನೇ ಬಿಟ್ಟರೆ ಮುಖ್ಯೋಪಾಧ್ಯಾಯಿನಿಯವರ ಮೊದಲ ವರ್ಷಕ್ಕೇ ಮರಳಿದಂತಾಗುತ್ತದೆ. ಅಳತೆ ಇರಬೇಕು, ಆದರೆ ಅದು ಯಾರ ಮುಂದೆ, ಯಾವ ಉದ್ದೇಶಕ್ಕೆ ಇರಬೇಕು ಎಂಬುದನ್ನು ಯಾರಾದರೂ ವಿವರಿಸಲಿ.

ಶಿಕ್ಷಕರ ತರಬೇತಿಯಲ್ಲಿ ಕೆಲಸ ಮಾಡುವವರು

ಆ ಪ್ರಶ್ನೆಗೆ ಉತ್ತರಿಸಲು ಪ್ರಯತ್ನಿಸುತ್ತೇನೆ. ವಿವಿಯನ್ ರಾಬಿನ್ಸನ್ ಮತ್ತು ಅವರ ಸಹೋದ್ಯೋಗಿಗಳು ಶಾಲಾ ನಾಯಕತ್ವದ ಬಗ್ಗೆ ಅದುವರೆಗೆ ನಡೆದಿದ್ದ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ಸಿಬ್ಬಂದಿಯಲ್ಲಿ ಹುರುಪು ತುಂಬಿ, ದೊಡ್ಡ ಕನಸನ್ನು ಕಟ್ಟಿಕೊಡುವ ಪರಿವರ್ತನಾತ್ಮಕ ನಾಯಕತ್ವಕ್ಕಿಂತ, ಬೋಧನೆಯ ಮೇಲೆಯೇ ಗಮನವಿಡುವ ನಾಯಕತ್ವವು ಮಕ್ಕಳ ಕಲಿಕೆಯ ಮೇಲೆ ಮೂರರಿಂದ ನಾಲ್ಕು ಪಟ್ಟು ಹೆಚ್ಚು ಪರಿಣಾಮ ಬೀರುತ್ತದೆ ಎಂಬುದು ಅದರ ಸಾರ. ಹಾಗಾದರೆ ಹುರುಪು ತುಂಬುವ ಭಾಷಣಗಳು ವ್ಯರ್ಥವೇ ಎಂದು ಕೇಳಬೇಡಿ. ಭಾಷಣದ ನಂತರ ತರಗತಿಯೊಳಗೆ ಏನೂ ಬದಲಾಗದಿದ್ದರೆ ವ್ಯರ್ಥವೇ.

ಮುಖ್ಯಸ್ಥರು ಮಾಡುವ ಕೆಲಸಗಳಲ್ಲಿ ಯಾವುದರ ಪರಿಣಾಮ ಅತಿ ಹೆಚ್ಚು ಎಂಬುದನ್ನೂ ಅದರಲ್ಲಿ ವಿಂಗಡಿಸಿ ನೋಡಿದ್ದಾರೆ. ಮೊದಲ ಸ್ಥಾನದಲ್ಲಿರುವುದು ಗುರಿ ನಿಗದಿಯೂ ಅಲ್ಲ, ಶಿಸ್ತಿನ ವಾತಾವರಣವೂ ಅಲ್ಲ. ಶಿಕ್ಷಕರ ಕಲಿಕೆಯನ್ನು ಉತ್ತೇಜಿಸುವುದು, ಮತ್ತು ಆ ಕಲಿಕೆಯಲ್ಲಿ ಮುಖ್ಯಸ್ಥರು ತಾವೂ ಒಬ್ಬ ಕಲಿಯುವವರಾಗಿ ಕುಳಿತುಕೊಳ್ಳುವುದು. ತರಬೇತಿಯನ್ನು ಉದ್ಘಾಟಿಸಿ ಕೋಣೆಗೆ ಮರಳುವವರು ಗಮನಿಸಬೇಕು.

ಇದಕ್ಕೆ ಪೂರಕವಾದ ಎಚ್ಚರಿಕೆಯೂ ಒಂದಿದೆ. ಜೇಸನ್ ಗ್ರಿಸ್ಸಮ್, ಸುಸಾನ್ನಾ ಲೋಬ್ ಮತ್ತು ಬೆಂಜಮಿನ್ ಮಾಸ್ಟರ್ ಅವರು ನಗರವೊಂದರ ಸುಮಾರು 100 ಶಾಲೆಗಳ ಮುಖ್ಯಸ್ಥರು ದಿನವನ್ನು ಹೇಗೆ ಕಳೆಯುತ್ತಾರೆ ಎಂಬುದನ್ನು ಜೊತೆಯಲ್ಲಿದ್ದೇ ಗಮನಿಸಿ ದಾಖಲಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಬೋಧನೆಗೆ ಸಂಬಂಧಿಸಿದ ಕೆಲಸಕ್ಕೆ ಅವರು ಕೊಡುತ್ತಿದ್ದ ಸಮಯ ಶೇ. 13ರಷ್ಟೂ ಇರಲಿಲ್ಲ. ಅದರಲ್ಲಿಯೂ ದೊಡ್ಡ ಪಾಲು ತರಗತಿಗಳಿಗೆ ಹೀಗೆ ಬಂದು ಹಾಗೆ ಹೋಗುವ ಗಸ್ತು. ಶಿಕ್ಷಕರಿಗೆ ಬೋಧನೆಯಲ್ಲಿ ಜೊತೆಗೂಡಿ ಮಾರ್ಗದರ್ಶನ ನೀಡಲು ಹೆಚ್ಚು ಸಮಯ ಕೊಟ್ಟ ಶಾಲೆಗಳಲ್ಲಿ ಮಕ್ಕಳ ಪ್ರಗತಿ ಹೆಚ್ಚಾಗಿ ಕಂಡುಬಂದರೆ, ಗಸ್ತು ಹೆಚ್ಚಿದ್ದ ಕಡೆ, ಮುಖ್ಯವಾಗಿ ಪ್ರೌಢಶಾಲೆಗಳಲ್ಲಿ, ಪ್ರಗತಿ ಕಡಿಮೆಯೇ ಇತ್ತು.

ಸದಸ್ಯರಿಗೆ ನನ್ನ ಉತ್ತರ ಇಲ್ಲಿದೆ: ಅಳತೆಯನ್ನು ಶಿಕ್ಷಕರೂ ಮುಖ್ಯಸ್ಥರೂ ಒಂದೇ ಮೇಜಿನ ಒಂದೇ ಬದಿಯಲ್ಲಿ ಕುಳಿತು ನೋಡಬೇಕು. ಸಭೆಯಲ್ಲಿ ತೋರಿಸುವ ಸರಾಸರಿ ಅಂಕದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಹತ್ತು ಮಕ್ಕಳ ಉತ್ತರಪತ್ರಿಕೆಗಳನ್ನು ಹರಡಿಕೊಂಡು, ಒಂದೇ ಲೆಕ್ಕದಲ್ಲಿ ಎಲ್ಲರೂ ಯಾವ ಸಾಲಿನಲ್ಲಿ ಎಡವಿದ್ದಾರೆ ಎಂದು ಹುಡುಕಿದರೆ ಮುಂದಿನ ಸೋಮವಾರ ಏನು ಕಲಿಸಬೇಕೆಂಬುದು ತಿಳಿಯುತ್ತದೆ.

ಸಹಶಿಕ್ಷಕಿ, ಹದಿನೆಂಟು ವರ್ಷಗಳ ಸೇವೆ

ಆ ಗಸ್ತಿನ ಬಗ್ಗೆ ಬರೆದದ್ದಕ್ಕೆ ಧನ್ಯವಾದ. ಬಾಗಿಲಲ್ಲಿ ಎರಡು ನಿಮಿಷ ನಿಂತು, ಪುಸ್ತಕದಲ್ಲಿ ಏನನ್ನೋ ಬರೆದುಕೊಂಡು, ಒಂದು ಮಾತೂ ಆಡದೆ ಹೋಗುವ ಮುಖ್ಯಸ್ಥರನ್ನು ನಾನು ಬಲ್ಲೆ. ಅವರು ಹೋದ ನಂತರದ ಹತ್ತು ನಿಮಿಷ ನಾನು ಪಾಠ ಮಾಡುತ್ತಿರಲಿಲ್ಲ, ಏನು ಬರೆದಿರಬಹುದೆಂದು ಯೋಚಿಸುತ್ತಿದ್ದೆ.

ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರು

ನಂಬಿಕೆಯ ಮಾತು ಇನ್ನೂ ಬಂದಿಲ್ಲವೆಂದು ಸೇರಿಸುತ್ತಿದ್ದೇನೆ. ಆಂಟನಿ ಬ್ರೈಕ್ ಮತ್ತು ಬಾರ್ಬರಾ ಷ್ನೈಡರ್ ಅವರು ಶಿಕಾಗೋದ ಪ್ರಾಥಮಿಕ ಶಾಲೆಗಳನ್ನು ಹಲವು ವರ್ಷ ಅಭ್ಯಾಸ ಮಾಡಿ 2002ರಲ್ಲಿ ಹೇಳಿದ್ದು ಹೀಗೆ: ಶಿಕ್ಷಕರು, ಮುಖ್ಯಸ್ಥರು, ಪೋಷಕರ ನಡುವೆ ನಂಬಿಕೆ ಗಟ್ಟಿಯಾಗಿದ್ದ ಶಾಲೆಗಳಲ್ಲಿ ಎರಡಕ್ಕೊಂದು ಸುಧಾರಿಸುವ ಸಾಧ್ಯತೆ ಇತ್ತು, ನಂಬಿಕೆ ದುರ್ಬಲವಾಗಿದ್ದಲ್ಲಿ ಆ ಸಾಧ್ಯತೆ ಏಳಕ್ಕೊಂದು. ಅವರು ನಂಬಿಕೆಯನ್ನು ನಾಲ್ಕು ಎಳೆಗಳಾಗಿ ಬಿಡಿಸಿದ್ದಾರೆ: ಗೌರವ, ಒಬ್ಬರ ಬಗ್ಗೆ ಇನ್ನೊಬ್ಬರಿಗಿರುವ ಅಕ್ಕರೆ, ಕೆಲಸದ ಸಾಮರ್ಥ್ಯ, ನುಡಿದಂತೆ ನಡೆಯುವ ಪ್ರಾಮಾಣಿಕತೆ. ಮೂರನೆಯ ಎಳೆಯನ್ನು ಗಮನಿಸಿ. ಕೆಲಸ ಬಾರದವರನ್ನು ಕಂಡೂ ಕಾಣದಂತೆ ಬಿಡುವ ಮುಖ್ಯಸ್ಥರು ಎಷ್ಟೇ ಸೌಮ್ಯವಾಗಿದ್ದರೂ ನಂಬಿಕೆಯನ್ನು ಸವೆಸುತ್ತಿರುತ್ತಾರೆ, ಏಕೆಂದರೆ ಉಳಿದ ಶಿಕ್ಷಕರು ಅದನ್ನು ನೋಡುತ್ತಿರುತ್ತಾರೆ.

ಹಿರಿಯ ಗಣಿತ ಶಿಕ್ಷಕರ ಬಗ್ಗೆ ಒಂದು ಮಾತು. ಹರ್ಸಿ ಮತ್ತು ಬ್ಲಾಂಚರ್ಡ್ ಅವರ ‘ಸಂದರ್ಭಾನುಸಾರ ನಾಯಕತ್ವ’ ಎಂಬ ಸಿದ್ಧಾಂತದ ಪ್ರಕಾರ ಹೊಸಬರಿಗೆ ಬಿಡಿಸಿ ಹೇಳಬೇಕು, ನುರಿತವರಿಗೆ ಕೆಲಸವನ್ನು ಒಪ್ಪಿಸಿ ದೂರವಿರಬೇಕು. ನಮ್ಮಲ್ಲಿ ಬಹುಮಂದಿ ಇಲ್ಲಿ ಎಡವುವುದು ಸೇವಾವಧಿಯನ್ನೇ ಪರಿಣತಿ ಎಂದು ಓದುವುದರಿಂದ. ಪಠ್ಯಕ್ರಮ ಬದಲಾದಾಗ ಇಪ್ಪತ್ತು ವರ್ಷದವರೂ ಆ ಒಂದು ವಿಷಯದ ಮಟ್ಟಿಗೆ ಹೊಸಬರೇ. ನಾವು ಗೌರವವೆಂದು ದೂರ ನಿಲ್ಲುತ್ತೇವೆ. ಅವರಿಗದು ಕೈಬಿಟ್ಟಂತೆ ಕಾಣಿಸಬಹುದು.

ಚರ್ಚೆ ಆರಂಭಿಸಿದವರು: ಮುಖ್ಯೋಪಾಧ್ಯಾಯಿನಿ, ಎರಡನೇ ವರ್ಷ

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಸಹಶಿಕ್ಷಕಿಯವರ ಮಾತು ಚುಚ್ಚಿತ್ತು, ಆದ್ದರಿಂದ ಮೊದಲು ಮಾಡಿದ ಕೆಲಸ ಕಳೆದ ವರ್ಷದ ಬದಲಿ ತರಗತಿಗಳ ಪುಸ್ತಕವನ್ನು ಎಣಿಸಿದ್ದು. ಅರ್ಧಕ್ಕೂ ಹೆಚ್ಚು ಅವಧಿಗಳನ್ನು ಮೂವರೇ ತೆಗೆದುಕೊಂಡಿದ್ದರು. ಆ ಮೂವರಲ್ಲಿ ಗಣಿತ ಶಿಕ್ಷಕರೂ ಒಬ್ಬರು. ಒಂದು ವರ್ಷ ನಾನು ಅವರನ್ನು ನೋಯಿಸಬಾರದೆಂದು ಬಾಯಿ ಮುಚ್ಚಿಕೊಂಡಿದ್ದೆ, ಅದೇ ವರ್ಷ ಅವರು ನೋಟ್‌ಬುಕ್ ತಿದ್ದಲು ಉಳಿಸಿಕೊಂಡಿದ್ದ ಸಮಯವನ್ನು ವಾರವಾರವೂ ಕಿತ್ತುಕೊಂಡಿದ್ದೆ.

ಅವರೊಡನೆ ಕುಳಿತಾಗ ಮೊದಲು ಇದನ್ನೇ ಒಪ್ಪಿಕೊಂಡೆ. ನಂತರ, ತರಗತಿಯ ಮಕ್ಕಳು ಹಿಂದೆ ಬಿದ್ದಿರುವುದು ನನ್ನ ಗಮನಕ್ಕೆ ಬಂದಿದೆ, ಇದನ್ನು ಕಳೆದ ವರ್ಷವೇ ನಿಮಗೆ ಹೇಳಬೇಕಿತ್ತು ಎಂದೆ. ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, ‘ಹನ್ನೆರಡು ವರ್ಷಗಳಲ್ಲಿ ನನ್ನ ತರಗತಿಗೆ ತಪಾಸಣೆಗಲ್ಲದೆ ಬೇರೆ ಕಾರಣಕ್ಕೆ ಯಾರೂ ಬಂದಿಲ್ಲ’ ಎಂದರು. ಆ ವಾರವೇ ಮಕ್ಕಳ ಉತ್ತರಪತ್ರಿಕೆಗಳನ್ನು ಇಬ್ಬರೂ ನೋಡಿದೆವು. ಬೀಜಗಣಿತದ ತಪ್ಪುಗಳೆಂದು ನಾವು ಎಣಿಸಿದ್ದವುಗಳಲ್ಲಿ ಬಹುಪಾಲು ಭಿನ್ನರಾಶಿಯ ತಪ್ಪುಗಳಾಗಿದ್ದವು. ಮಕ್ಕಳಿಗೆ ಸಮೀಕರಣ ಗೊತ್ತಿತ್ತು, ಛೇದವಿರುವ ಪದ ಬಂದ ಕೂಡಲೇ ಕೈ ನಿಲ್ಲುತ್ತಿತ್ತು. ಪಾಠ ಮುಗಿಸುವ ಆತುರದಲ್ಲಿ ಹಿಂದಕ್ಕೆ ಹೋಗಲು ತಮಗೆ ಧೈರ್ಯವಾಗಲಿಲ್ಲವೆಂದು ಅವರೇ ಹೇಳಿದರು. ವಾರಕ್ಕೆ ಎರಡು ಅವಧಿ ಭಿನ್ನರಾಶಿಗೆ ಮೀಸಲಿಟ್ಟಿದ್ದೇವೆ. ಅವರ ಪಾಲಿನ ಬದಲಿ ತರಗತಿಗಳನ್ನು ಈ ಅರ್ಧವರ್ಷದ ಮಟ್ಟಿಗೆ ನಾನೇ ತೆಗೆದುಕೊಳ್ಳುತ್ತಿದ್ದೇನೆ. ವಾರಕ್ಕೊಮ್ಮೆ ಅವರ ತರಗತಿಯ ಕೊನೆಯ ಬೆಂಚಿನಲ್ಲಿ ಪೂರ್ತಿ ಅವಧಿ ಕೂರುತ್ತೇನೆ, ಪುಸ್ತಕ ಪೆನ್ನು ಒಯ್ಯುವುದಿಲ್ಲ.

ಪಾಠಯೋಜನೆ ತಡವಾದರೆ ಈಗ ಸಹಿ ಹಾಕುವುದಿಲ್ಲ. ಇದಕ್ಕೆ ಇಬ್ಬರು ಮುನಿಸಿಕೊಂಡಿದ್ದಾರೆ. ಒಬ್ಬರಂತೂ ಮೇಡಂ ಬದಲಾಗಿದ್ದಾರೆ ಎಂದು ಎಲ್ಲರಿಗೂ ಹೇಳುತ್ತಿದ್ದಾರಂತೆ, ಅದು ನಿಜವೂ ಹೌದು. ಮಕ್ಕಳ ಅಂಕಗಳ ಬಗ್ಗೆ ಏನನ್ನಾದರೂ ಹೇಳಲು ಇದು ತೀರಾ ಮುಂಚೆ. ಮಂಡಳಿಗೂ ಹಾಗೆಯೇ ತಿಳಿಸಿ ಎರಡು ಘಟಕ ಪರೀಕ್ಷೆಗಳ ಕಾಲಾವಕಾಶ ಕೇಳಿದ್ದೇನೆ.

ಈಗ ಹೊಸದೊಂದು ತೊಡಕು ಬಂದಿದೆ. ಬದಲಿ ತರಗತಿಗಳ ಭಾರ ಹೊತ್ತ ಉಳಿದ ಇಬ್ಬರಲ್ಲಿ ಒಬ್ಬರು ನಿನ್ನೆ ನನ್ನ ಕೋಣೆಗೆ ಬಂದು, ಫಲಿತಾಂಶ ಇಳಿದವರಿಗೆ ಬಿಡುವು ಸಿಕ್ಕಿತು, ಚೆನ್ನಾಗಿ ಕಲಿಸಿದ ನಮಗೆ ಏನು ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಸಹಶಿಕ್ಷಕಿ, ಹದಿನೆಂಟು ವರ್ಷಗಳ ಸೇವೆ

ಮೇಡಂ, ಆ ಪ್ರಶ್ನೆಯನ್ನು ಅವರು ಸ್ಟಾಫ್ ರೂಮಿನಲ್ಲಿ ಕೇಳದೆ ನಿಮ್ಮ ಕೋಣೆಗೆ ಬಂದು ಕೇಳಿದ್ದಾರೆ. ಕಳೆದ ವರ್ಷ ಬರುತ್ತಿರಲಿಲ್ಲ. ಬದಲಿ ತರಗತಿಗಳ ಹೊಸ ಪಟ್ಟಿಯನ್ನು ನೀವೊಬ್ಬರೇ ಕುಳಿತು ಮಾಡಬೇಡಿ. ಆ ಇಬ್ಬರ ಕೈಗೇ ಪುಸ್ತಕ ಕೊಟ್ಟು, ಮುಂದಿನ ತಿಂಗಳ ಪಟ್ಟಿಯನ್ನು ನಿಮ್ಮ ಹೆಸರನ್ನೂ ಸೇರಿಸಿ ತಯಾರಿಸಲು ಹೇಳಿ.